ಗೋದೌಲಿಯಾದಲ್ಲೊಂದು ಮಸಿ ಪೆನ್ನು

ಗೋದೌಲಿಯಾ ಚೌಕದಿಂದ ನಾಲ್ಕು ಹೆಜ್ಜೆ ನಡೆದರೆ ಜಂಗಮವಾಡಿ ಮಠ. ಕರ್ನಾಟಕದಿಂದ ಸಂಸ್ಕೃತ ಓದಲು ಬಂದ ಹುಡುಗರು ಅಲ್ಲಿದ್ದಾರೆ. ಊರಿಂದ ಬರುವ ದುಡ್ಡಿನಲ್ಲಿ ಎರಡನೇ ಪೆನ್ನಿಗೆ ಜಾಗವಿಲ್ಲ. ಅಗ್ಗದ ಮಸಿ ಪೆನ್ನನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ಅಂಗಡಿಯವನು ಎಳೆದು ತೋರಿಸುವ ನೇರ ಗೆರೆಯನ್ನು ನಂಬಿದರೆ ಕೆಟ್ಟಂತೆಯೇ. ನಾಗರಿಯ ತಲೆಗೆರೆಗೆ ಸಲೀಸಾಗಿ ಓಡುವ ನಿಬ್ಬು, ಕನ್ನಡದ ‘ಋ’, ‘ಞ’ಗಳನ್ನು ಸುತ್ತುವಾಗ ಎಡಕ್ಕೆ, ಮೇಲಕ್ಕೆ ತಳ್ಳಿದರೆ ಕಾಗದ ಕೆರೆಯಬಹುದು. (ನಾಗರಿಯಲ್ಲೂ ಸುತ್ತುಗಳಿವೆ, ಕನ್ನಡದಲ್ಲಿ ಇರುವುದೇ ಸುತ್ತು.) ಆ ಎರಡಕ್ಷರಗಳನ್ನು ಹತ್ತು ಸಲ ಬರೆಯಬೇಕು, ಅದೂ ತನ್ನದೇ ನೋಟ್‌ಬುಕ್ಕಿನಲ್ಲಿ, ಅಂಗಡಿಯ ನುಣುಪು ಹಾಳೆ ಎಲ್ಲ ಪೆನ್ನನ್ನೂ ಹೊಗಳುತ್ತದೆ. ಇನ್ನು, ಮಸಿಯನ್ನು ನೇರ ಹೊಟ್ಟೆಗೇ ತುಂಬುವ ಪೆನ್ನಾದರೆ, ಮಸಿ ಕಾಲುಭಾಗಕ್ಕೆ ಇಳಿಯುವ ಮೊದಲೇ ತುಂಬಿಸಿಕೊಳ್ಳುವುದು ಲೇಸು. ಖಾಲಿ ಜಾಗದ ಗಾಳಿ ಕೈಬಿಸಿಗೇ ಹಿಗ್ಗಿ ಮಸಿಯನ್ನು ಹೊರದೂಡುತ್ತದೆ.