ಜ್ವಾಲಾಮುಖಿಯ ದ್ವೀಪ, ಕೃಷ್ಣೆಯ ನಡುಗಡ್ಡೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಟ್ರಿಸ್ಟನ್ ಡ ಕುನ್ಹಾ ಅಂತ ಒಂದು ಪುಟ್ಟ ದ್ವೀಪ ಇದೆ. ಇಡೀ ದ್ವೀಪವೇ ಒಂದು ಜ್ವಾಲಾಮುಖಿ. 1961ರಲ್ಲಿ ಊರ ಪಕ್ಕದಲ್ಲೇ ನೆಲ ಬಿರಿದು ಲಾವಾ ಹರಿಯತೊಡಗಿದಾಗ ಅಲ್ಲಿದ್ದ 264 ಜನರನ್ನೂ ಖಾಲಿ ಮಾಡಿಸಿ ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿ ಮನೆ ಕೊಟ್ಟರು, ಕೆಲಸವೂ ಸಿಕ್ಕಿತು. ಮರುವರ್ಷ ಮತಕ್ಕೆ ಹಾಕಿದರೆ 148 ಜನ ವಾಪಸ್ ಹೋಗ್ತೀವಿ ಅಂದರಂತೆ, ಬೇಡ ಅಂದವರು ಬರೀ 5 ಜನ! 1963ರಲ್ಲಿ ಹೆಚ್ಚಿನವರು ಮರಳಿಯೇಬಿಟ್ಟರು.

ಇದನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಮಾಮಾ. ಅವರದು ರಾಯಬಾಗ ತಾಲೂಕು, ಕುಡಚಿ ಕಡೆ, ಕೃಷ್ಣಾ ದಂಡೆ. ಅಲ್ಲೆಲ್ಲಿಯ ಜ್ವಾಲಾಮುಖಿ ಮಾರಾಯಾ ಅಂತೀರಾ? ಸ್ವಲ್ಪ ತಾಳಿ, ಅದೂ ಇದೆ :-)

ನಮ್ಮ ಕಡೆ ದ್ವೀಪಗಳು ಮಳೆಗಾಲದಲ್ಲಿ ಹುಟ್ಟುತ್ತವೆ. ಊರಲ್ಲಿ ಬಿಸಿಲಿದ್ದರೂ ಸರಿ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾ ತುಂಬಿತೆಂದರೆ ಮುಗೀತು. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಟ್ಟಿಗೆ ಏರುತ್ತವೆ. ಚಿಕ್ಕೋಡಿ ತಾಲೂಕಿನ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ, ಕುಡಚಿ-ಉಗಾರ ರಸ್ತೆ ಬಂದ್ ಆಗುತ್ತದೆ, ಕಾಗವಾಡ ಕಡೆ ಜುಗೂಳ, ಮಂಗಾವತಿಗಳ ಸುತ್ತ ನೀರು ನಿಲ್ಲುತ್ತದೆ, ಅಥಣಿ ತಾಲೂಕಿನ ಹೊಳೆಸಾಲಿನ ಊರುಗಳದೂ ಅದೇ ಪಾಡು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಂತೂ 2019ರಲ್ಲಿ, ಮತ್ತೆ 2021ರಲ್ಲಿ ವೇದಗಂಗಾ ನೀರು ಪುಣೆ-ಬೆಂಗಳೂರು ಹೆದ್ದಾರಿಯನ್ನೇ ನಿಲ್ಲಿಸಿತ್ತು.

ಊರು ಬಿಡೋದು ಅಂದರೆ ಟಿವಿಯಲ್ಲಿ ತೋರಿಸುವ ಬೋಟು ಅಷ್ಟೇ ಅಲ್ಲ. ಮೊದಲು ದನ, ಆಮೇಲೆ ಜೋಳದ ಚೀಲ, ಭಾಂಡೆ, ಕೊನೆಗೆ ಮನುಷ್ಯರು. ಎಲ್ಲ ಟ್ರ್ಯಾಕ್ಟರ್ ಟ್ರೇಲರಿನಲ್ಲಿ. ಬಹಳ ಜನ ಕಡೇ ಗಳಿಗೆಯವರೆಗೂ ಕದಲುವುದಿಲ್ಲ, ಯಾಕಂದರೆ ಬೋಟು ಮನುಷ್ಯರನ್ನು ಒಯ್ಯುತ್ತದೆ, ಎಮ್ಮೆಯನ್ನಲ್ಲ. ಗಂಜಿ ಕೇಂದ್ರದಲ್ಲಿ ಊಟ ಸಿಗುತ್ತದೆ, ಮೇವು ಎಲ್ಲಿಂದ ತರೋದು?

ಈಗ ಜ್ವಾಲಾಮುಖಿಗೆ ಬರ್ತೀನಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಪದರು ಪದರಾಗಿ ಹರಡಿ ದಖ್ಖನ್ ಪ್ರಸ್ಥಭೂಮಿಯಾಯಿತು. ನಮ್ಮ ಚಿಕ್ಕೋಡಿ, ನಿಪ್ಪಾಣಿ ಎಲ್ಲ ಆ ಕಪ್ಪು ಕಲ್ಲಿನ ಮೇಲೇ ಕೂತಿವೆ. ಆ ಕಲ್ಲು ಸವೆದು ಆದದ್ದೇ ಎರೆ ಮಣ್ಣು. ಕಬ್ಬು, ನಿಪ್ಪಾಣಿಯ ತಂಬಾಕು, ಮಾಮಾನ ಹಟ, ಎಲ್ಲ ಅದರಲ್ಲೇ ಬೆಳೆದದ್ದು! ಟ್ರಿಸ್ಟನ್ನಿನವರಿಗೂ ಆಲೂಗಡ್ಡೆ ಹೊಲಗಳಿದ್ದವು. ಲಾವಾ ಮೀನಿನ ಕಾರ್ಖಾನೆಯನ್ನು ನುಂಗಿದ್ದರೂ ಊರಿನ ಮನೆಗಳು ಬಹುಪಾಲು ಉಳಿದಿದ್ದವು. ಹಾಗಾಗಿ ಮರಳಲು ಊರು ಅಂತ ಒಂದಿತ್ತು. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದವರಿಗೆ ಆ ಭಾಗ್ಯವಿರಲಿಲ್ಲ. 1995ರಲ್ಲಿ ಶುರುವಾದ ಸ್ಫೋಟಗಳು 1997ರ ಹೊತ್ತಿಗೆ ರಾಜಧಾನಿ ಪ್ಲಿಮತ್ ಅನ್ನೇ ಬೂದಿಯಲ್ಲಿ ಹೂತವು. ಸುಮಾರು ಮೂರರಲ್ಲಿ ಎರಡು ಪಾಲು ಜನ ದ್ವೀಪವನ್ನೇ ಬಿಟ್ಟರು.

ಹೊಳೆ ಹಾಗಲ್ಲ. ಇಳಿಯುತ್ತದೆ. ತೊಂದರೆ ಇರುವುದೇ ಅಲ್ಲಿ ಅಂತ ನನಗನ್ನಿಸುತ್ತದೆ. ಇಳಿದ ಕೂಡಲೇ ಎಲ್ಲರೂ ವಾಪಸ್.

2019ರಲ್ಲಿ ಮಾಮಾನ ಮನೆಯ ಹಿಂದಿನ ಗೋಡೆ ಬಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು, ಇವರದು ಪೂರ್ತಿ ಬಿದ್ದಿರಲಿಲ್ಲ. ಅತ್ತೆ ಆಗಿನಿಂದ ಒಂದೇ ಮಾತು: "ದಿಬ್ಬದ ಮ್ಯಾಲೆ ಎರಡ ಖೋಲಿ ಕಟ್ಟೂಣು." ಮಾಮಾನದೂ ಒಂದೇ ಮಾತು: "ರಾತ್ರಿ ಕರೆಂಟ್ ಬಂದಾಗ ಅಲ್ಲಿಂದ ಮೋಟಾರ್ ಚಾಲೂ ಮಾಡಾಕ ಯಾರ ಬರ್ತಾರ? ಹೊಳಿ ವರ್ಷಾ ಬರತೈತೇನ?"

"ನೀರ ಬಂದ್ರ ನೀವು ದನಾ ಹೊಡಕೊಂಡ ಹೋಗ್ತೀರಿ. ರಾಡಿ ತಗಿಯಾಕಿ ನಾನು," ಅಂದರು ಅತ್ತೆ. ಮಾಮಾ ಸುಮ್ಮನೆ ಎಲಿ-ಅಡಕಿ ಚೀಲ ಹುಡುಕಿದರು.

ನಾನು ಅತ್ತೆಯ ಪಕ್ಷ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೂತವನಿಗೆ ಹೇಳೋದು ಸುಲಭ, ಗೊತ್ತು. ಆದರೆ ಬೊಗಸೆ ಬೊಗಸೆ ರಾಡಿ ಬಳಿದ ಆ ಕೈಗಳನ್ನು ನೋಡಿದ್ದೀನಿ. ಒಂದು ಗೇಣು ದಪ್ಪ, ಹಾಸಿಗೆಯೊಳಗೂ, ಹಿಟ್ಟಿನ ಡಬ್ಬಿಯೊಳಗೂ ರಾಡಿ. ಅದೇ ರಾಡಿ ಹೊಲದಲ್ಲಿದ್ದರೆ ಮಾಮಾ ಗೊಬ್ಬರ ಅಂತಾರೆ.

ಹೋದ ದೀಪಾವಳಿಗೆ ಹೋದಾಗ ದಿಬ್ಬದ ಮೇಲೆ ಪಾಯಾ ತೋಡಿದ್ದರು. ಖುಷಿಯಾಗಿ ಕೇಳಿದರೆ, ಮನೆಗಲ್ಲವಂತೆ, ದನದ ಶೆಡ್ಡಿಗೆ.

"ಮದ್ಲ ಎಮ್ಮಿ ಹೋಗ್ಲಿ," ಅಂದರು ಅತ್ತೆ, "ಅವುರ ಹಿಂದ ನಿಮ್ಮ ಮಾಮಾ ತಾನ ಬರ್ತಾರ."