ಮೂರು ಕಿಲೊ ಎಲ್ಲಿ ಹೋಯಿತು?

ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ದಾರಿಯ ಹೊಲಗಳನ್ನು ಕೆಲವು ದಶಕಗಳಿಂದ ನೋಡುತ್ತ ಬಂದವರಿಗೆ ಒಂದು ಕಸುಬು ಬೆಳೆದು ನಿಂತ ಬಗೆ ಕಣ್ಣಿಗೆ ಕಟ್ಟಿದಂತಿದೆ. ಬಿಳಿಜೋಳ, ಕಡಲೆ, ಕುಸುಬೆಗಳ ನಡುವೆ ಮೊದಲು ಅಲ್ಲೊಂದು ಇಲ್ಲೊಂದು ದ್ರಾಕ್ಷಿ ಪಡ ಎದ್ದಿತು. ಕೊಳವೆಬಾವಿ, ಹನಿ ನೀರಾವರಿ, ಆಮೇಲೆ ಕೃಷ್ಣೆಯ ಏತ ನೀರಾವರಿ ಬಂದಂತೆ ಪಡಗಳು ಹಬ್ಬಿದವು. ಬೀಜವಿಲ್ಲದ ಥಾಮ್ಸನ್, ಅದರಿಂದಲೇ ಆಯ್ದ ತಾಸ್-ಎ-ಗಣೇಶ, ಸೋನಾಕಾ, ಮಾಣಿಕ್ ಚಮನ್ ತಳಿಗಳು ನೆಲೆಯೂರಿದವು. ಪಡದ ಪಕ್ಕದಲ್ಲೇ ಹಸಿರು ನೆರಳುಬಲೆ ಹೊದ್ದ ಒಣದ್ರಾಕ್ಷಿ ಶೆಡ್‌ಗಳು ಕಾಣಿಸಿಕೊಂಡವು. ರವೀಂದ್ರನಾಥ ಟ್ಯಾಗೋರರು 1892ರಲ್ಲಿ ‘ಕಾಬೂಲಿವಾಲಾ’ ಕಥೆ ಬರೆದಾಗ ಪುಟ್ಟ ಮಿನಿಯ ಕೈಗೆ ಒಣದ್ರಾಕ್ಷಿ ಹಾಕಿದವನು ದೂರದ ಅಫ್ಘಾನಿಸ್ತಾನದವನು. ಇಂದು ತಿಕೋಟಾ, ಬಬಲೇಶ್ವರದ ಮಗುವಿಗೆ ಅದೇ ಒಣದ್ರಾಕ್ಷಿ, ಇಲ್ಲಿನವರ ಬಾಯಲ್ಲಿ ಮಣೂಕ, ಊರ ಹೊರಗಿನ ಶೆಡ್ಡಿನಲ್ಲೇ ತಯಾರಾಗುತ್ತದೆ.

ಕಸುಬು ಇಷ್ಟು ಬದಲಾದರೂ ಮಕ್ಕಳಿಗೆ ನಾವು ಹೇಳುವ ಮಾತು ಬದಲಾಗಿಲ್ಲ. ‘ದ್ರಾಕ್ಷಿಯನ್ನು ಬಿಸಿಲಿಗೆ ಒಣಹಾಕಿದರೆ ಒಣದ್ರಾಕ್ಷಿ ಆಗುತ್ತದೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಬಳ್ಳಿಸಾಲುಗಳ ನಡುವೆ ಕಾಗದ ಹಾಸಿ, ಎರಡು ಮೂರು ವಾರ ಬಿಸಿಲಿಗೆ ಬಿಟ್ಟು ಕಂದುಬಣ್ಣದ ಒಣದ್ರಾಕ್ಷಿ ಮಾಡುವ ಪದ್ಧತಿಗೆ ಈ ಮಾತು ಒಪ್ಪುತ್ತದೆ. ನಮ್ಮ ಶೆಡ್‌ಗಳಿಗೆ ಒಪ್ಪುವುದಿಲ್ಲ. ಇಲ್ಲಿ ದ್ರಾಕ್ಷಿ ಒಣಗುವುದು ನೆರಳಿನಲ್ಲಿ, ಗಾಳಿಗೆ. ನೇರ ಬಿಸಿಲು ಬಿದ್ದರೆ ಹಣ್ಣು ಕಂದುತ್ತದೆ. ಹಸಿರು-ಹಳದಿ ಬಣ್ಣ ಉಳಿದರೆ ಮಾತ್ರ ಪೇಟೆಯಲ್ಲಿ ಒಳ್ಳೆಯ ಬೆಲೆ. ಹಾಗಾಗಿ ಬಿಸಿಲನ್ನು ದೂರವಿಡುವುದೇ ಇಲ್ಲಿನ ಕೌಶಲ. ತನ್ನೂರಿನಲ್ಲಿ ನಡೆಯುವ ಕೆಲಸಕ್ಕೆ ವಿರುದ್ಧವಾದದ್ದನ್ನು ಮಗು ಪಾಠವೆಂದು ಕಲಿಯುವುದು ಸಣ್ಣ ತಪ್ಪಲ್ಲ. ಕಣ್ಣಿಗಿಂತ ಕೇಳಿದ ಮಾತನ್ನೇ ನಂಬುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.

ನಿಜವಾದ ಕ್ರಮ ಹೀಗಿದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಹಣ್ಣಿನಲ್ಲಿ ಸಕ್ಕರೆ ಚೆನ್ನಾಗಿ ತುಂಬಿದ ಮೇಲೆ, ಗೊನೆ ಕೊಯ್ಯುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳು ಮೇಣದ ಪದರವಿದೆ, ಒಳಗಿನ ನೀರನ್ನು ಅದು ಬೇಗ ಹೊರಬಿಡುವುದಿಲ್ಲ. ಅದಕ್ಕೇ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಈ ಉಪಾಯ ಹೊಸದಲ್ಲ. 1ನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲಾ ಬೂದಿಯ ತಿಳಿನೀರಿಗೆ ಎಣ್ಣೆ ಸೇರಿಸಿ ದ್ರಾಕ್ಷಿ ಅದ್ದುವ ವಿಧಾನವನ್ನು ಬರೆದಿಟ್ಟಿದ್ದಾನೆ. ಅದ್ದಿದ ಗೊನೆಗಳನ್ನು ಶೆಡ್ಡಿನೊಳಗೆ ಒಂದರ ಮೇಲೊಂದರಂತೆ ಕಟ್ಟಿದ ಬಲೆಯ ರ‍್ಯಾಕ್‌ಗಳಲ್ಲಿ ಹರಡುತ್ತಾರೆ. ಬಯಲುಸೀಮೆಯ ಒಣಗಾಳಿ ಅವುಗಳ ನಡುವೆ ಹಾಯುತ್ತದೆ. ಹೆಚ್ಚುಕಡಿಮೆ ಎರಡು ವಾರಗಳಲ್ಲಿ, ತೂಕದಲ್ಲಿ ಸುಮಾರು ಶೇ 80ರಷ್ಟಿದ್ದ ನೀರು ಶೇ 15ರ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ ತೊಟ್ಟು ಬಿಡಿಸುವುದು, ತೊಳೆಯುವುದು, ಬಣ್ಣ-ಗಾತ್ರ ನೋಡಿ ಆರಿಸುವುದು. ಇವುಗಳಲ್ಲಿ ಬಹುಪಾಲು ಹೆಂಗಸರ ಕೈಕೆಲಸ. ಕೊನೆಗೆ ಮಾಲು ಶೀತಲಗೃಹಕ್ಕೋ ತಾಸಗಾಂವ, ಸಾಂಗ್ಲಿ, ವಿಜಯಪುರದ ಪೇಟೆಗೋ ಹೋಗುತ್ತದೆ.

ಆರೇಳು ವರ್ಷದ ಮಗುವಿಗೆ ಇಷ್ಟೆಲ್ಲ ಅರ್ಥವಾದೀತೇ ಎಂದು ಶಿಕ್ಷಕರು ಕೇಳುತ್ತಾರೆ. ಕೇಳುವುದು ಸರಿಯೇ. ರಾಸಾಯನಿಕಗಳ ಹೆಸರು, ತೇವಾಂಶದ ಶೇಕಡಾವಾರು ಆ ವಯಸ್ಸಿಗೆ ಬೇಕಿಲ್ಲ. ಆದರೆ ಮಗುವಿಗೆ ತೂಕ ಗೊತ್ತು. ನಾಲ್ಕು ಕಿಲೊ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೊ ಒಣದ್ರಾಕ್ಷಿ. ಉಳಿದ ಮೂರು ಕಿಲೊ ಎಲ್ಲಿ ಹೋಯಿತು? ಈ ಒಂದು ಪ್ರಶ್ನೆ ಸಾಕು. ನೀರು ಹೋಯಿತು, ಸಕ್ಕರೆ ಉಳಿಯಿತು, ಅದಕ್ಕೇ ಒಣದ್ರಾಕ್ಷಿ ಅಷ್ಟು ಸಿಹಿ ಎಂಬಲ್ಲಿಗೆ ಮಕ್ಕಳು ತಾವೇ ಬರಬಲ್ಲರು. ತರಗತಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮುಟ್ಟಬೇಕಾಗಿಯೂ ಇಲ್ಲ. ಚೆನ್ನಾಗಿ ತೊಳೆದ ಕೆಲವು ದ್ರಾಕ್ಷಿಗಳನ್ನು ಶಿಕ್ಷಕರೇ ಕುದಿವ ನೀರಿನಲ್ಲಿ ಕ್ಷಣ ಅದ್ದಿ ತೆಗೆದರೆ ಸಿಪ್ಪೆಯಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತವೆ. ಇನ್ನು ಕೆಲವನ್ನು ಹಾಗೇ ಇಡಬೇಕು. ಎರಡನ್ನೂ ತೆಳುಬಟ್ಟೆ ಹೊದಿಸಿ ಗಾಳಿಯಾಡುವ ನೆರಳಿನಲ್ಲಿಟ್ಟು ದಿನವೂ ತೂಗಿದರೆ ಯಾವುದು ಬೇಗ ಹಗುರಾಗುತ್ತದೆಂದು ಮಕ್ಕಳೇ ಹೇಳುತ್ತಾರೆ. ಒಣಗಿದ್ದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಅದು ಉಬ್ಬುತ್ತದೆ, ಆದರೆ ಮತ್ತೆ ದ್ರಾಕ್ಷಿಯಾಗುವುದಿಲ್ಲ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ವರ್ಷಗಟ್ಟಲೆ ಜೀವಕೋಶದ ಪಾಠಕ್ಕೆ ಬಳಸಿದ್ದೂ ನೆನೆಸಿದ ಒಣದ್ರಾಕ್ಷಿಯನ್ನೇ. ಆ ಪಾಠಕ್ಕೆ ಅಡಿಪಾಯವನ್ನು ಒಂದನೇ ತರಗತಿಯಲ್ಲೇ ಹಾಕಬಹುದು.

ಅದ್ದುವ ದ್ರಾವಣ, ಬಣ್ಣ ಕಾಯಲು ಕೊಡುವ ಗಂಧಕದ ಹೊಗೆ, ಇವನ್ನೆಲ್ಲ ಹೇಳಿದರೆ ಮಕ್ಕಳು ತಿನ್ನಲು ಹೆದರುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಮುಚ್ಚಿಟ್ಟದ್ದು ಮುಂದೊಂದು ದಿನ ಗೊತ್ತಾದಾಗಲೇ ಭಯ ಹೆಚ್ಚು. ಏಕೆ ಅದ್ದುತ್ತಾರೆ, ಆಮೇಲೆ ಏಕೆ ತೊಳೆಯುತ್ತಾರೆ, ತೀರ ಹೊಳೆಯುವ ಬಣ್ಣಕ್ಕೇ ನಾವೇಕೆ ಮರುಳಾಗುತ್ತೇವೆ ಎಂದು ತಿಳಿದ ಮಗು ನಾಳೆ ವಿಚಾರ ಮಾಡಿ ಕೊಳ್ಳುವ ಗಿರಾಕಿಯಾಗುತ್ತದೆ, ಬೆಳೆಗಾರನಿಗೂ ಅದರಿಂದ ಒಳ್ಳೆಯದೇ. ಮಂಗಳೂರು, ಕಾರವಾರದ ಮಕ್ಕಳಿಗೆ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಕಡಲತೀರದ ತೇವದ ಗಾಳಿಯಲ್ಲಿ ಅದೇ ದ್ರಾಕ್ಷಿ ಒಣಗುವ ಮೊದಲೇ ಬೂಷ್ಟು ಹಿಡಿಯುವ ಸಂಭವ ಹೆಚ್ಚು. ಅಲ್ಲಿ ಪ್ರಯೋಗ ಸೋತರೂ ಪಾಠ ಗೆಲ್ಲುತ್ತದೆ: ಒಂದು ಕಸುಬು ಒಂದು ಸೀಮೆಯಲ್ಲೇ ಏಕೆ ನೆಲೆಯೂರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈ ಪಾಠಕ್ಕೆ ಶೆಡ್ ನೋಡುವುದೂ ಸೇರಬೇಕು, ಏಕೆಂದರೆ ತರಗತಿಯ ತಟ್ಟೆಯಲ್ಲಿ ಮನುಷ್ಯರಿಲ್ಲ. ಮಾರ್ಚ್-ಏಪ್ರಿಲ್‌ನ ಅಕಾಲದ ಒಂದು ಮಳೆ ರ‍್ಯಾಕಿನಲ್ಲಿದ್ದ ಮಾಲಿನ ಬಣ್ಣ ಕೆಡಿಸಿ ವರ್ಷದ ದುಡಿಮೆಯನ್ನೇ ನುಂಗಬಲ್ಲದು. ಮೋಡ ಕಂಡರೆ ಬೆಳೆಗಾರ ಏಕೆ ಮುಗಿಲು ನೋಡುತ್ತ ನಿಲ್ಲುತ್ತಾನೆ, ಆರಿಸುವ ಕೈಗಳಿಗೆ ದಿನಕ್ಕೆ ಎಷ್ಟು ಕೆಲಸ ಎಂಬುದು ಅಲ್ಲಿ ಮಾತ್ರ ಕಾಣುತ್ತದೆ. ಒಣಗಿಸುವ ಕಾಲವೂ ಅನುಕೂಲವಾಗಿಯೇ ಇದೆ: ಬೇಸಿಗೆ ರಜೆಗೆ ಮುನ್ನ ಫೆಬ್ರುವರಿ, ಮಾರ್ಚ್‌ನಲ್ಲಿ ಶಾಲೆಗಳೂ ನಡೆಯುತ್ತಿರುತ್ತವೆ, ಶೆಡ್‌ಗಳೂ ತುಂಬಿರುತ್ತವೆ. ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯ ಎಷ್ಟೋ ಶಾಲೆಗಳಿಗೆ ಇದು ನಡಿಗೆಯ ದೂರ. ಖರ್ಚಿಲ್ಲದ ಈ ಒಂದು ದಿನವನ್ನು ಮುಖ್ಯೋಪಾಧ್ಯಾಯರು ಪಾಠಪಟ್ಟಿಯಲ್ಲಿ ಬರೆದುಕೊಳ್ಳಲಿ. ತಮ್ಮ ಸೀಮೆಯ ಜನ ನಾಲ್ಕು ದಶಕಗಳಲ್ಲಿ ಕಲಿತ ವಿದ್ಯೆ ಅವರ ಮಕ್ಕಳಿಗೆ ಸರಿಯಾಗಿ ತಲುಪಬೇಕಾದದ್ದು ನ್ಯಾಯ.