ಬಾರ್ಕೂರಿಗೆ ಹೋದರೆ ಈ ಕಥೆಯನ್ನೂ ಕೇಳಿ

ಉಡುಪಿಗೆ ಬಂದವರು ಕೃಷ್ಣಮಠ, ಮಲ್ಪೆ ನೋಡಿ ಹಿಂದಿರುಗುವುದೇ ಹೆಚ್ಚು. ಮುಂದಿನ ಸಲ ಅರ್ಧ ದಿನ ಉಳಿಸಿಕೊಂಡು, ಬ್ರಹ್ಮಾವರದ ಮೇಲೆ ಬಾರ್ಕೂರಿಗೆ ಹೋಗಿಬನ್ನಿ. ಸೀತಾನದಿಯ ಬಳಿಯ ಈ ಊರು ಈಗ ತೆಂಗು, ಗದ್ದೆಗಳ ನಡುವೆ ತೆಪ್ಪಗಿದೆ. ಹಿಂದೆ ಇದು ಆಳುಪರ ರಾಜಧಾನಿ. ಆಮೇಲೆ ವಿಜಯನಗರದವರ ಬಾರಕೂರು ರಾಜ್ಯದ ಮುಖ್ಯ ಪಟ್ಟಣ. ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ ಎಂದು ಕೇರಿಕೇರಿಗೂ ಗುಡಿಗಳು. ಮಣಿಗಾರಕೇರಿಯ ಕತ್ತಲೆ ಬಸದಿಯನ್ನಂತೂ ಮರೆಯಬೇಡಿ.

ರಾಜರ ಕಥೆ ಹೇಳುವವರು ಬಹಳ ಜನ ಸಿಗುತ್ತಾರೆ. ಹುಬಾಶಿಕನ ಕಥೆ ಹೇಳುವವರು ಕಡಿಮೆ. ಆತ ದಂಡು ಕಟ್ಟಿಕೊಂಡು ಮೊದಲು ಬಂದದ್ದು ಬಾರ್ಕೂರಿಗಂತೆ. ಅಲ್ಲಿಂದ ಮಂಗಳೂರು, ಮಂಜೇಶ್ವರ. ಹನ್ನೆರಡು ವರ್ಷದ ಆಳ್ವಿಕೆ ಮುಗಿದ ಮೇಲೆ ಅವನ ಜನರನ್ನು ಕಾಡಿಗೆ ಅಟ್ಟಿದರಂತೆ. ಕೊರಗರು ಆ ಜನರೇ ಎನ್ನುತ್ತದೆ ಐತಿಹ್ಯ.

ಕೊರಗರು ಬಿಳಲಿನಿಂದ ಬುಟ್ಟಿ ಹೆಣೆಯುವವರು, ಡೋಲು ಕೊಳಲಿನಲ್ಲಿ ಪಳಗಿದವರು. ಅವರು ಹೆಣೆದ ಬುಟ್ಟಿಯಲ್ಲಿ ನಮ್ಮ ಕಡೆಯ ಹೆಂಗಸರು ಅಕ್ಕಿ ತೊಳೆದರು. ಹೆಣೆದವರನ್ನು ಮಾತ್ರ ಅಂಗಳದಾಚೆ ನಿಲ್ಲಿಸಿದರು. ಅಷ್ಟೇ ಅಲ್ಲ. ‘ಅಜಲು’ ಎಂಬ ಪದ್ಧತಿಯಿತ್ತು. ಮನೆಯವರ ಉಗುರು, ಕೂದಲನ್ನು ಅನ್ನದಲ್ಲಿ ಕಲಸಿ ಕೊರಗರಿಗೆ ಉಣ್ಣಿಸಿದರೆ ಮನೆಯ ಕಾಯಿಲೆ, ಕೇಡು ಅವರಿಗೆ ಹೋಗುತ್ತದೆಂಬ ನಂಬಿಕೆ! ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದೂ ಇತ್ತು.

ಸಂವಿಧಾನ 1950ರಲ್ಲೇ ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು. 1955ರಲ್ಲಿ ಶಿಕ್ಷೆಯ ಕಾನೂನು, 1989ರಲ್ಲಿ ದೌರ್ಜನ್ಯ ತಡೆ ಕಾನೂನು ಬಂದವು. ಆದರೂ ಅಜಲು ನಿಲ್ಲಲಿಲ್ಲ. ಯಾಕೆ ಗೊತ್ತೇ? ಮಾಡುವವರ ಬಾಯಲ್ಲಿ ಅದು ಅವಮಾನವಲ್ಲ, ಹಿಂದಿನಿಂದ ಬಂದ ಪದ್ಧತಿ. ಕೊನೆಗೆ 2000ದಲ್ಲಿ ಕರ್ನಾಟಕವು ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ತಂದು, ಉಗುರು, ಕೂದಲು, ಕಂಬಳದ ಓಟ ಎಲ್ಲವನ್ನೂ ಹೆಸರು ಹಿಡಿದು ಅಪರಾಧವೆಂದಿತು.

ದಕ್ಷಿಣ ಆಫ್ರಿಕದ ಕರಿಯರ ಕಥೆ ಓದಿ ಕಣ್ಣೊರೆಸಿಕೊಳ್ಳುತ್ತೇವೆ. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ 1965ರಲ್ಲಿ ಮಾಡಿದ ಒಪ್ಪಂದದಲ್ಲಿ ಮೈಬಣ್ಣದ ಜೊತೆಗೇ ‘ವಂಶ’ ಎಂಬ ಮಾತೂ ಇದೆ. ನಮ್ಮ ಅಂಗಳದ ಸುದ್ದಿ ಅದು.

“ಮನಸ್ಸು ಬದಲಾಗಬೇಕಮ್ಮಾ, ಕಾನೂನಿಂದ ಏನಾಗುತ್ತೆ?” ಅಂತ ನೀವು ಕೇಳಬಹುದು. ನಮ್ಮ ಮನಸ್ಸು ಬದಲಾಗುವ ತನಕ ಆ ಅನ್ನದ ಮುಂದೆ ಕೂತವರು ಕಾಯಬೇಕೇ? “ಒಲ್ಲೆ” ಎನ್ನುವುದಕ್ಕೆ ಅವರ ಬೆನ್ನಿಗೆ ಏನಾದರೂ ಬೇಡವೇ? ಕಾನೂನು ಇರುವುದು ಅದಕ್ಕೆ.

ಆದರೆ ಕಾನೂನು ನಮ್ಮ ಅಡುಗೆಮನೆಗೆ ಬಂದು ಕಾವಲು ಕೂರುವುದಿಲ್ಲ. ಅನ್ನ ಕಲಸುತ್ತಿದ್ದದ್ದು ಮನೆಯೊಳಗೆ ತಾನೇ? ಹಾಗಾಗಿ ನಿಮ್ಮೂರಲ್ಲಿ ಬುಟ್ಟಿಯವರು ಬಂದಾಗ ಚೌಕಾಸಿ ಮಾಡದೆ ಬೆಲೆ ಕೊಡಿ. ಊಟದ ಹೊತ್ತಾದರೆ ಒಳಗೆ ಕರೆದು, ನೀವು ಉಣ್ಣುವುದನ್ನೇ ಬಡಿಸಿ.